ಮಡಿ ಸಿರಿಂಜು

ಡಾಕ್ಟರ್ ಹೇರಂಬ ಹೆಗಡೆಯವರು ಮೀನು ತಿನ್ನುತ್ತಿರಲಿಲ್ಲ. ಮೀನೇ ಅವರನ್ನು ಸಾಕುತ್ತಿತ್ತು. ಈ ಮಾತನ್ನು ಮುಖದೆದುರೇ ಹೇಳುವ ಧೈರ್ಯ ಕಾರವಾರದಲ್ಲಿ ಅವರ ಹೆಂಡತಿ ದೇವಕಿಗೆ ಮಾತ್ರ ಇತ್ತು. ಉಳಿದವರು ಬೆನ್ನ ಹಿಂದೆ ಹೇಳಿ ನಗುತ್ತಿದ್ದರು.

ಬೈತಖೋಲ ಬಂದರಿಗೆ ಇಳಿಯುವ ರಸ್ತೆಯ ಬದಿಗೆ, ಬಲೆ ರಿಪೇರಿ ಮಾಡುವ ಶೆಡ್ಡಿನ ಮೇಲಿನ ಮಹಡಿಯಲ್ಲಿ ಅವರ ಪರೀಕ್ಷಾ ಕೇಂದ್ರವಿತ್ತು. ತಾರ್ಲೆ ಮೀನನ್ನು ಬೇಯಿಸಿ, ಹಿಂಡಿ, ಎಣ್ಣೆ ತೆಗೆಯುವ ಸುತ್ತಲಿನ ಕಾರ್ಖಾನೆಗಳವರು ಬಾಟಲಿಯಲ್ಲಿ ಎಣ್ಣೆ ತಂದುಕೊಡುತ್ತಿದ್ದರು. ಅದರಲ್ಲಿ ಯಾವ ಕೊಬ್ಬು ಎಷ್ಟಿದೆ, ಬೇರೆ ಏನಾದರೂ ಬೆರಸಿದ್ದಾರೆಯೇ ಎಂದು ಯಂತ್ರಕ್ಕೆ ಹಾಕಿ ನೋಡಿ ವರದಿ ಕೊಡುವುದು ಹೆಗಡೆಯವರ ಕಸುಬು. ಇದು ಗೌರವದ ಕಸುಬೇ. ಆದರೆ ಹೆಗಡೆಯವರಿಗೆ ಹಾಗೆ ಅನ್ನಿಸುತ್ತಿರಲಿಲ್ಲ. ಎಣ್ಣೆ ತಂದವನ ಬಾಟಲಿಯನ್ನು ಎರಡು ಬೆರಳಲ್ಲಿ ಹಿಡಿದು, ಸತ್ತ ಇಲಿಯನ್ನು ಎತ್ತಿದಂತೆ ಎತ್ತಿ ಮೇಜಿನ ಮೇಲಿಡುತ್ತಿದ್ದರು. ತಂದವನು ಕಾರ್ಖಾನೆಯ ಮಾಲೀಕನಾದರೆ ಅವನನ್ನು ನೋಡುವ ನೋಟವೂ ಹೆಚ್ಚುಕಡಿಮೆ ಅದೇ. ಅವರ ಲೆಕ್ಕದಲ್ಲಿ ಕಾರವಾರದ ಜನ ಎರಡು ಬಗೆ: ಕಲಬೆರಕೆ ಮಾಡುವವರು ಮತ್ತು ಇನ್ನೂ ಸಿಕ್ಕಿಬೀಳದವರು. ಕಾಲೇಜಿನ ಮೇಷ್ಟ್ರುಗಳು ಹಳೆಯ ಟಿಪ್ಪಣಿಯ ಮೇಲೆ ಬದುಕುವ ಗೆದ್ದಲು. ವಿಶ್ವವಿದ್ಯಾಲಯದವರ ಬಗ್ಗೆ ಅವರು ಏನೂ ಹೇಳುತ್ತಿರಲಿಲ್ಲ, ಕಿಟಕಿಯಾಚೆ ಉಗುಳುತ್ತಿದ್ದರು. ಅಲ್ಲಿ ಸಿಗಬೇಕಾಗಿದ್ದ ಹುದ್ದೆ ಅವರಿಗೆ ಸಿಕ್ಕಿರಲಿಲ್ಲ.

ಇಂಥವರ ಬಳಿಗೆ ವಿಜೇತಾ ನಾಯಕ ಬಂದದ್ದು ಬೇರೆ ದಾರಿಯಿರಲಿಲ್ಲವೆಂದು. ಬೆಳಂಬಾರದ ಮಧುಕರ ನಾಯಕರ ಮಗಳು, ಅಂಕೋಲೆಯ ಕಾಲೇಜಿನಲ್ಲಿ ಪಾಠ ಹೇಳುತ್ತ ಸಂಶೋಧನೆಯನ್ನೂ ಮಾಡುತ್ತಿದ್ದಳು. ಭತ್ತ ಕೊಯ್ದಾದ ಮೇಲೆ ಅಪ್ಪ ಬಿತ್ತುವ ಶೇಂಗಾ ಗಿಡದ ಬೇರಿನಲ್ಲಿ ಸಾಸಿವೆಕಾಳಿನಷ್ಟು ದೊಡ್ಡ ಗಂಟುಗಳಿರುತ್ತವೆ. ಆ ಗಂಟಿನೊಳಗೆ ಕೂತು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಉಣಿಸುವ ಬ್ಯಾಕ್ಟೀರಿಯಾವನ್ನು ಆಕೆ ಬೇರ್ಪಡಿಸಿ ಬೆಳೆಸಿದ್ದಳು. ಅದರ ಹೊರಪೊರೆಯ ಕೊಬ್ಬನ್ನು ಬಿಸಿ ಫೀನಾಲಿನಲ್ಲಿ ಬಿಡಿಸಿ ತೆಗೆದಿದ್ದಳು; ಬಲಗೈ ಹೆಬ್ಬೆರಳಿನ ಮೇಲೆ ಫೀನಾಲು ಸುಟ್ಟ ಬಿಳಿ ಕಲೆಯಿತ್ತು. ಆ ಕೊಬ್ಬಿನ ರಚನೆ ನೋಡುವ ಯಂತ್ರ ಮಾತ್ರ ಕಾಲೇಜಿನಲ್ಲಿರಲಿಲ್ಲ. ಅದು ಬೈತಖೋಲದಲ್ಲಿ ತಾರ್ಲೆ ಎಣ್ಣೆ ನೋಡುತ್ತ ಕೂತಿತ್ತು.

"ಶೇಂಗಾದ ಹುಳಾನ? ಅದರಲ್ಲಿ ಎಂತ ನೋಡೂದು?" ಎಂದು ಹೆಗಡೆಯವರು ಮೂಗು ಮುರಿದರು.

"ಅದ್ರ ಬಾಲ ನೋಡ್ಬೇಕು ಸರ್," ಎಂದಳು ವಿಜೇತಾ.

ಅವಳು ಹೇಳಿದ್ದನ್ನು ಹೆಗಡೆಯವರು ಅರ್ಧ ಕಣ್ಣು ಮುಚ್ಚಿ ಕೇಳಿದರು. ಈ ಬಗೆಯ ಬ್ಯಾಕ್ಟೀರಿಯಾಕ್ಕೆ ಮೈಸುತ್ತ ಎರಡು ಪೊರೆ. ಹೊರಪೊರೆಯ ಮೇಲ್ಮೈಯಲ್ಲಿರುವ ಕೊಬ್ಬಿಗೆ ಒಂದು ತಲೆಯಿದೆ: ಒಂದಕ್ಕೊಂದು ಬೆಸೆದ ಎರಡು ಸಕ್ಕರೆ. ಆ ತಲೆಯಿಂದ ಕೊಬ್ಬಿನ ಸರಪಳಿಗಳು ಪೊರೆಯೊಳಕ್ಕೆ ಇಳಿಬಿದ್ದಿರುತ್ತವೆ. ಮನುಷ್ಯನ ಕರುಳಿನ ಬ್ಯಾಕ್ಟೀರಿಯಾದಲ್ಲಾದರೆ ತಲೆಗೆ ಫಾಸ್ಫೇಟು ಅಂಟಿರುತ್ತದೆ, ಸರಪಳಿಗಳು ಗಿಡ್ಡ. ಬೇರಿನ ಗಂಟಿನ ಈ ಜಾತಿಯಲ್ಲಿ ಫಾಸ್ಫೇಟಿನ ಜಾಗದಲ್ಲಿ ಬೇರೆ ಸಕ್ಕರೆಗಳು, ಮತ್ತು ಸರಪಳಿಗಳ ನಡುವೆ ಮಾಮೂಲಿನ ಎರಡರಷ್ಟು ಉದ್ದದ ಬಾಲ: ಇಪ್ಪತ್ತೆಂಟು, ಮೂವತ್ತು ಇಂಗಾಲ ಸಾಲಾಗಿ ನಿಂತಿದ್ದು. ಪೊರೆಯ ಒಂದು ಪದರದಿಂದ ಹೊರಟು ಇನ್ನೊಂದು ಪದರದ ತುದಿ ಮುಟ್ಟುವಷ್ಟು ಉದ್ದ.

"ಹಿಂದೆ ದೋಣಿ ಹಲಗೆಯನ್ನ ತೆಂಗಿನ ಕತ್ತದ ಹಗ್ಗದಲ್ಲಿ ಹೊಲೀತಿದ್ರಲ್ಲ ಸರ್, ಹಂಗೇ. ಎರಡೂ ಪದರ ಸೇರಿಸಿ ಹೊಲಿದಂಗೆ. ಗಿಡದ ಒಳಗೆ ಹೊಕ್ಕಾಗ ಪೊರೆ ಹರೀದೇ ಇರ್ಬೇಕಲ್ಲ."

ದೋಣಿಯ ಉಪಮೆ ಹೆಗಡೆಯವರಿಗೆ ಹಿಡಿಸಲಿಲ್ಲ. ಬೆಳಂಬಾರದ ಹುಡುಗಿ ತಮಗೆ ಕೊಬ್ಬಿನ ಪಾಠ ಹೇಳುವುದು ಅದಕ್ಕಿಂತಲೂ ಹಿಡಿಸಲಿಲ್ಲ. ಆದರೆ ಮೀನಲ್ಲದ ಏನಾದರೊಂದು ತಮ್ಮ ಮೇಜಿಗೆ ಬಂದು ಎಷ್ಟೋ ವರ್ಷವಾಗಿತ್ತು. ಹೂಂ ಎಂದರು.

ಆಮೇಲೆ ಅವರು ಮಾಡಿದ ಏರ್ಪಾಡು ನೋಡುವಂತಿತ್ತು. ಎಡಗಡೆಯ ಕಪಾಟು ಮೀನಿಗೆ, ಬಲಗಡೆಯದು ಮಣ್ಣಿಗೆ, ಎಂದರೆ ವಿಜೇತಾಳ ಬೇರುಜೀವಿಗೆ. ಬಲಗಡೆಯ ಗಾಜಿನ ಸಾಮಾನನ್ನು ಬಾಟಲಿ ತೊಳೆಯುವ ಕಾಶಿ ಮುಟ್ಟುವಂತಿಲ್ಲ, ಹೆಗಡೆಯವರೇ ತೊಳೆಯಬೇಕು. ಯಂತ್ರಕ್ಕೆ ಹನಿ ಚುಚ್ಚುವ ಸಿರಿಂಜು ಕೂಡ ಎರಡು. ಮೀನಿನದು ಡ್ರಾಯರಿನಲ್ಲಿ ಹಾಗೇ ಬಿದ್ದಿರುತ್ತಿತ್ತು. ಮಣ್ಣಿನದನ್ನು ಒಗೆದ ಬಿಳಿ ಬಟ್ಟೆಯಲ್ಲಿ ಸುತ್ತಿ ಮೇಲಿನ ಹಲಗೆಯ ಮೇಲೆ ಇಡುತ್ತಿದ್ದರು. ವಿಜೇತಾ ಸ್ಯಾಂಪಲ್ಲು ತಂದ ದಿನ ಬೆಳಿಗ್ಗೆ ಸ್ನಾನ ಮುಗಿಸಿ ಬಂದವರೇ ಮೊದಲು ಬರೀ ದ್ರಾವಕವನ್ನು ಯಂತ್ರದಲ್ಲಿ ಓಡಿಸಿ, ನಿನ್ನೆಯ ಮೀನೇನಾದರೂ ಉಳಿದಿದ್ದರೆ ತೊಳೆದುಹೋಗಲಿ ಎಂದು ಕಾಯುತ್ತಿದ್ದರು. ಪರದೆಯ ಮೇಲಿನ ಗೆರೆ ಚಪ್ಪಟೆ ಬಂದಮೇಲೆ ಮಣ್ಣಿನ ಕೊಬ್ಬು. ಅದಾದ ಮೇಲೆಯೇ ಮೀನಿನವರ ಸರದಿ.

ಕಾಶಿ ಇದನ್ನೆಲ್ಲ ಸೊಂಟದ ಮೇಲೆ ಕೈಯಿಟ್ಟು ನೋಡಿ, "ಅದು ಮಡಿ ಸಿರಿಂಜು, ಇದು ಮುಸುರೆ ಸಿರಿಂಜು," ಎಂದು ಹೆಸರಿಟ್ಟಳು. ಹೆಗಡೆಯವರು ಬೈಯಲಿಲ್ಲ. ಹೆಸರು ಸರಿಯಾಗಿಯೇ ಇತ್ತು.

ಅವರು ಬದಲಿಸದೆ ಬಿಟ್ಟದ್ದು ಒಂದೇ. ಯಂತ್ರದೊಳಗೆ ಕೂದಲೆಳೆಯಷ್ಟು ಸಪೂರದ ಉದ್ದನೆಯ ಕೊಳವೆಯೊಂದು ಸುರುಳಿ ಸುತ್ತಿ ಕೂತಿರುತ್ತದೆ. ಹನಿ ಅದರೊಳಗೆ ಹೊಕ್ಕು, ಕಾವಿಗೆ ಆವಿಯಾಗಿ, ಗಿಡ್ಡ ಕೊಬ್ಬು ಮೊದಲು, ಉದ್ದ ಕೊಬ್ಬು ಆಮೇಲೆ ಹೊರಬರುತ್ತದೆ. ಬಂದದ್ದೆಲ್ಲ ಪರದೆಯ ಮೇಲೆ ಶಿಖರಗಳಾಗಿ ಏಳುತ್ತದೆ. ಹೊಸ ಕೊಳವೆ ದುಬಾರಿ. ಅತಿಯಾಗಿ ಕಾಯಿಸಿದರೆ ಬೇಗ ಸವೆಯುತ್ತದೆ. ಆದ್ದರಿಂದ ತಾರ್ಲೆ ಎಣ್ಣೆಯ ಅತಿ ಉದ್ದದ ಕೊಬ್ಬು ಹೊರಬರುವಷ್ಟು ಕಾವು, ಅಷ್ಟೇ ಹೊತ್ತು ಎಂದು ಹೆಗಡೆಯವರು ಹಿಂದೆಯೇ ಕೂರಿಸಿಟ್ಟಿದ್ದರು. ಮಣ್ಣಿನ ಕೊಬ್ಬನ್ನೂ ಅದೇ ಕಾವಿಗೆ, ಅಷ್ಟೇ ಹೊತ್ತು ಓಡಿಸಿದರು. ಗಿಡ್ಡ ಸರಪಳಿಗಳ ಶಿಖರಗಳು ಸಾಲಾಗಿ ಎದ್ದವು. ಆಮೇಲೆ ಗೆರೆ ಮಲಗಿತು. ಹೊತ್ತು ಮುಗಿಯಿತು. ಬಾಲ ಬರಲಿಲ್ಲ.

ವಿಜೇತಾ ಮತ್ತೆ ಬೆಳೆಸಿ ತಂದಳು. ಮತ್ತೆ ಬರಲಿಲ್ಲ. ಬೇರೆ ಗದ್ದೆಯ ಗಂಟುಗಳಿಂದ ತಂದಳು. ಆಗಲೂ ಇಲ್ಲ.

"ಇದ್ರ ಸಂಬಂಧಿಕ್ರಿಗೆಲ್ಲ ಬಾಲ ಇದೆ ಸರ್. ಇದಕ್ಕೊಂದೇ ಎಂತಕ್ಕೆ ಇಲ್ಲ?"

"ಪ್ರತಿ ಮನೆಯಲ್ಲೂ ಒಬ್ಬ ಬೇರೆ ಥರದವ ಹುಟ್ಟುತ್ತಾನೆ," ಎಂದರು ಹೆಗಡೆಯವರು. ಹೇಳುವಾಗ ಅವರ ಧ್ವನಿ ಮೊದಲ ಸಲ ಮೆತ್ತಗಾಗಿತ್ತು.

ಅಂದಿನಿಂದ ಅವರ ನಡಿಗೆಯೇ ಬದಲಾಯಿತು. ಬಾಲವಿಲ್ಲದ ಬೇರುಜೀವಿ. ಜಗತ್ತಿನಲ್ಲಿ ಯಾರೂ ಕಾಣದ್ದು. ಅದಕ್ಕೊಂದು ಹೆಸರಿಡಬೇಕು, ಹೆಸರಿನ ಮುಂದೆ ಕಂಡುಹಿಡಿದವರ ಹೆಸರು ಬರಬೇಕು. ವಿಜೇತಾಳಿಗೂ ಆಸೆ ಹತ್ತಿತು, ಇಲ್ಲವೆನ್ನಲಾಗದು. ಜೀವಿಯ ಬಗ್ಗೆ ತಿಳಿದ ಅವಳು ಯಂತ್ರವನ್ನು ಹೆಗಡೆಯವರಿಗೆ ಬಿಟ್ಟಳು. ಯಂತ್ರ ತಿಳಿದ ಹೆಗಡೆಯವರು ಜೀವಿಯನ್ನು ಅವಳಿಗೆ ಬಿಟ್ಟರು. ಎರಡು ಹಲಗೆಯ ನಡುವಿನ ಸಂದಿಯನ್ನು ಇಬ್ಬರೂ ನೋಡಲಿಲ್ಲ.

ಅಂಕೋಲೆಯ ಕಾಲೇಜಿನಲ್ಲಿ ವಿಚಾರ ಸಂಕಿರಣ ನಿಗದಿಯಾಯಿತು. ಹೊರಗಿನಿಂದ ಇಂಥದೇ ಬ್ಯಾಕ್ಟೀರಿಯಾಗಳ ಮೇಲೆ ಬಹಳ ಕೆಲಸ ಮಾಡಿದ ಪ್ರೊಫೆಸರರೊಬ್ಬರು ಬರುವವರಿದ್ದರು. ಅವರ ಮುಂದೆ ಹೆಗಡೆಯವರ ಭಾಷಣ. "ಬಾಲವಿಲ್ಲದ ಬೇರುಜೀವಿ: ಬೆಳಂಬಾರದ ಹೊಸ ಪ್ರಭೇದ" ಎಂದು ಬ್ಯಾನರು ಅಚ್ಚಾಯಿತು. ಆ ಸಂಜೆ ದೇವಕಿ ಚಾ ಕೊಡುತ್ತ, "ನಿಮ್ಗೆ ಊಟ ಕೊಡೂದು ಆ ಮೀನು. ಹೆಸ್ರು ಮಾತ್ರ ಮಣ್ಣೇ ಕೊಡ್ಬೇಕು ಹೇಳಿ ಆಸೆ," ಎಂದಳು.

"ಮೀನಿನ ಕೈಯಿಂದ ಹೆಸರು ತಗಂಡ್ರೆ ವಾಸನೆ ಬತ್ತು," ಎಂದು ಹೆಗಡೆಯವರು ಲೋಟ ಎತ್ತಿದರು.

ವಾಸನೆ ಬಂದದ್ದು ತುಳಸಿದಾಸನ ಜೊತೆಗೆ. ಸಂಕಿರಣಕ್ಕೆ ವಾರವೂ ಇಲ್ಲದ ಒಂದು ಬೆಳಿಗ್ಗೆ ಅವನು ಮೆಟ್ಟಿಲು ಹತ್ತಿ ಬಂದ. ತಾರ್ಲೆ ಎಣ್ಣೆಯ ಕಾರ್ಖಾನೆಯವನು, ಮನೆಮಾತು ಕೊಂಕಣಿ, ದೊಡ್ಡ ಹೊಟ್ಟೆ, ಅದಕ್ಕಿಂತ ದೊಡ್ಡ ಧ್ವನಿ. ಬೈತಖೋಲಕ್ಕೆ ಎಲ್ಲರಿಗಿಂತ ಹತ್ತಿರ ಅವನ ಕಾರ್ಖಾನೆ ಇದ್ದುದರಿಂದ ಬೆಳಗಿನ ಮೊದಲ ಬಾಟಲಿ ಯಾವಾಗಲೂ ಅವನದೇ.

"ಡಾಕ್ಟರ್ರೇ, ನನ್ನ ಎಣ್ಣೆಗೆ ಎಂತ ಬಂದದೆ?" ಎನ್ನುತ್ತ ವರದಿಯ ಹಾಳೆಗಳನ್ನು ಮೇಜಿನ ಮೇಲೆ ಹರವಿದ. "ಇಲ್ಲಿ ಪಳೆ, ನೋಡಿ. ಇಲ್ಲಿ ಒಂದು ಗುಡ್ಡ. ಇಲ್ಲೂ ಒಂದು ಗುಡ್ಡ. ಗುರುತಿಲ್ಲದ ಪದಾರ್ಥ ಅಂತ ನೀವೇ ಬರ್ದದ್ದು. ತಗೊಳ್ಳುವ ಪಾರ್ಟಿ, ಮೇಣ ಬೆರಸಿದ್ದೀಯಾ ಅಂತ ಕೇಳ್ತಾನೆ. ಸರಕೆಲ್ಲ ಬಂದರದಲ್ಲೇ ನಿಂತದೆ."

"ಬೆರಸಿದ್ದರೆ ಕಾಣುತ್ತದೆ."

"ಬೆರಸ್ಲಿಲ್ಲ."

"ಎಲ್ಲರೂ ಹಾಗೇ ಹೇಳೂದು. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅಂತಾರೆ."

"ಹೆಗಲು ಅಲ್ಲ ಮಾರಾಯ್ರೇ, ತಲೆ ಮುಟ್ಟಿ ನೋಡ್ಕೊಳ್ಳುವ ಹಾಗಾಗಿದೆ." ತುಳಸಿದಾಸ ಕುರ್ಚಿ ಎಳೆದು ಕೂತ, ಕುರ್ಚಿ ಕಿರುಗುಟ್ಟಿತು. "ನಾನು ವಿಚಾರ ಮಾಡಿ ನೋಡಿದೆ. ಬೇರೆ ದಿನ ಕೊಟ್ರೆ ನನ್ನ ಎಣ್ಣೆ ಚಲೋ. ಆ ಅಂಕೋಲೆಯ ಟೀಚರ್ ಬಾಯಿ ಬಂದ ದಿನ ಕೊಟ್ರೆ ಗುಡ್ಡ. ಅವಳು ಮೆಟ್ಟಿಲು ಇಳೀತಾಳೆ, ನಾನು ಹತ್ತುತ್ತೇನೆ, ಎಣ್ಣೆ ಕೆಡ್ತದೆ. ಅವಳ ಕಾಲ್ಗುಣ ಸರಿ ಇಲ್ಲ ಡಾಕ್ಟರ್ರೇ. ಬೇಕಾದ್ರೆ ದೇವರಲ್ಲಿ ಕೇಳಿಸಿ ಬರ್ತೇನೆ."

ಹೆಗಡೆಯವರಿಗೆ ನಗು ತಡೆಯಲಾಗಲಿಲ್ಲ. ಅದು ಸಂತೋಷದ ನಗುವಲ್ಲ. ಮೇಣ ಬೆರಸಿ ಸಿಕ್ಕಿಬಿದ್ದವನು ಹೆಣ್ಣಿನ ಕಾಲ್ಗುಣದ ಹಿಂದೆ ಅಡಗುತ್ತಿದ್ದಾನೆ. ಇಂಥವರ ನಡುವೆ ತಾವು ಇಷ್ಟು ವರ್ಷ ಬದುಕಿದ್ದೇವಲ್ಲ ಎಂಬ ನಗು. ಇದನ್ನು ಹೀಗೇ ಬಿಡಬಾರದು ಅನ್ನಿಸಿತು. ನಾಡಿದ್ದು ಬೆಳಿಗ್ಗೆ ವಿಜೇತಾ ಕೊನೆಯ ಸ್ಯಾಂಪಲ್ಲು ತರುವವಳಿದ್ದಳು.

"ನಾಡಿದ್ದು ಬನ್ನಿ. ಅವಳೂ ಇರ್ತಾಳೆ. ಅವಳ ಸ್ಯಾಂಪಲ್ಲು ಓಡಿಸ್ತೇನೆ. ಅದರ ಬೆನ್ನಿಗೇ ನಿಮ್ಮೆದುರಿಗೇ ಬರೀ ದ್ರಾವಕ ಓಡಿಸ್ತೇನೆ. ಎಣ್ಣೆಯೂ ಇಲ್ಲ, ಮಣ್ಣೂ ಇಲ್ಲ. ಗೆರೆ ಚಪ್ಪಟೆ ಬಂದ್ರೆ ಕಾಲ್ಗುಣ ಇಲ್ಲ ಅಂತ ಒಪ್ಪಿ, ಮೇಣ ಎಷ್ಟು ಹಾಕಿದ್ದೀರಿ ಅಂತ ಹೇಳ್ಬೇಕು."

"ಗುಡ್ಡ ಬಂದ್ರೆ?"

"ಬರೂದಿಲ್ಲ."

ಆ ದಿನ ತುಳಸಿದಾಸ ಹೇಳಿದ ಹೊತ್ತಿಗಿಂತ ಮೊದಲೇ ಬಂದು ಕೂತ. ವಿಜೇತಾ ಬಂದಾಗ ಎದ್ದು ನಿಂತು, ಅವಳ ಪಾದವನ್ನೇ ನೋಡುತ್ತ ಎರಡು ಹೆಜ್ಜೆ ಹಿಂದೆ ಸರಿದ.

"ಎಂತ ನೋಡ್ತ್ರಿ?" ಎಂದಳು ಅವಳು.

"ಚಪ್ಪಲಿ ಚಲೋ ಅದೆ ಬಾಯಿ."

ಹೆಗಡೆಯವರು ಸ್ನಾನದ ತೇವ ಇನ್ನೂ ಆರದ ಕೂದಲಲ್ಲಿ, ಪೂಜೆಗೆ ಕೂತವರಂತೆ ಮೌನವಾಗಿ ಕೆಲಸ ಶುರುಮಾಡಿದರು. ಮೊದಲ ದ್ರಾವಕ: ಗೆರೆ ಚಪ್ಪಟೆ. ಮಡಿ ಸಿರಿಂಜಿನಿಂದ ಮಣ್ಣಿನ ಕೊಬ್ಬು: ಗಿಡ್ಡ ಶಿಖರಗಳು, ಆಮೇಲೆ ಚಪ್ಪಟೆ, ಬಾಲವಿಲ್ಲ. ಕಾವು ಇಳಿಯುವವರೆಗೆ ಕಾದರು. ಹೊಸ ಬಾಟಲಿಯ ಮುಚ್ಚಳ ತೆಗೆದು, ಹನಿಯನ್ನು ತುಳಸಿದಾಸನ ಕಣ್ಣೆದುರು ಹಿಡಿದು ತೋರಿಸಿ, ಬರೀ ದ್ರಾವಕವನ್ನು ಚುಚ್ಚಿದರು.

ಗೆರೆ ಚಪ್ಪಟೆಯಾಗಿ ಹೊರಟಿತು. ಹೆಗಡೆಯವರು ಕೈಕಟ್ಟಿ ನಿಂತರು. ಕೆಳಗೆ ಶೆಡ್ಡಿನಲ್ಲಿ ಯಾರೋ ರೇಡಿಯೊ ಹಾಕಿದರು, ಯಾರೋ ನಿಲ್ಲಿಸು ಎಂದರು. ಕಾವು ಏರುತ್ತ ಹೋಯಿತು. ಗೆರೆ ಮೆಲ್ಲಗೆ, ನಿದ್ದೆಯಿಂದ ಎದ್ದಂತೆ ಮೇಲಕ್ಕೆ ಬಾಗಿತು. ಚೂಪು ಶಿಖರವಲ್ಲ, ಎಮ್ಮೆಯ ಬೆನ್ನಿನಂಥದು: ಅಗಲ, ಗಿಡ್ಡ, ಸೋಮಾರಿ. ಎದ್ದು, ನಿಂತು, ಇಳಿಯಿತು.

"ಇದು ನನ್ನ ಗುಡ್ಡ," ಎಂದ ತುಳಸಿದಾಸ. ಅವನ ಧ್ವನಿ ಒಮ್ಮೆಗೇ ಸಣ್ಣದಾಗಿತ್ತು, ಕಳೆದುಹೋದ ದನ ಸಿಕ್ಕಿದವನಂತೆ. ಆಮೇಲೆ ದೊಡ್ಡದಾಯಿತು. "ಎಣ್ಣೆ ಇಲ್ಲ, ಮಣ್ಣೂ ಇಲ್ಲ ಅಂದ್ರಿ. ಮತ್ತೆ ಇದು ಎಲ್ಲಿಂದ ಬಂತು? ಕಾಲ್ಗುಣ ಅಂದ್ರೆ ನಗಾಡಿದ್ರಿ."

ಹೆಗಡೆಯವರು ಪರದೆಯ ಹತ್ತಿರ ಬಾಗಿದರು. ಅವರಿಗೆ ಗೊತ್ತಾಗಿಹೋಗಿತ್ತು, ಯಾವ ಹುಡುಗನಿಗಾದರೂ ಗೊತ್ತಾಗುವಂಥದ್ದು. ಅತಿ ಉದ್ದದ ಕೊಬ್ಬು ತಾರ್ಲೆಯ ಕಾವಿಗೆ ಹೊರಬರಲಾರದೆ ಕೊಳವೆಯೊಳಗೆ ತೆವಳುತ್ತ ಉಳಿಯುತ್ತದೆ. ಮುಂದಿನ ಹನಿ ಹಾಕಿ ಮತ್ತೆ ಕಾಯಿಸಿದಾಗ ಹೊರಗೆ ಬರುತ್ತದೆ. ಮುಂದಿನ ಹನಿ ಯಾವಾಗಲೂ ತುಳಸಿದಾಸನದು. ಮೀನಿನ ಮೈಲಿಗೆ ಮಣ್ಣಿಗೆ ತಾಗದಿರಲೆಂದು ಎರಡು ಕಪಾಟು, ಎರಡು ಸಿರಿಂಜು ಇಟ್ಟಿದ್ದರು. ಯಂತ್ರವನ್ನು ಮಣ್ಣಿನ ಮೊದಲು ತೊಳೆದರು, ಮಣ್ಣಿನ ನಂತರ ತೊಳೆಯಲಿಲ್ಲ. ಮಣ್ಣಿನ ಮೈಲಿಗೆ ಮೀನಿಗೆ ತಾಗಬಹುದೆಂಬುದು ಅವರ ತಲೆಗೆ ಹೊಳೆಯುವ ಸಂಗತಿಯೇ ಆಗಿರಲಿಲ್ಲ. ಸಿರಿಂಜು ಎರಡಿದ್ದವು, ಕೊಳವೆ ಒಂದೇ.

"ದ್ರಾವಕದ ಬಾಟಲಿಯೇ ಕೊಳಕಿರಬೇಕು," ಎಂದರು. ಈ ಮಾತು ತಮ್ಮ ಬಾಯಿಂದ ಬಂದದ್ದಕ್ಕೆ ಅವರಿಗೇ ಹೇಸಿಗೆಯಾಯಿತು.

"ಈಗ ಹೊಸ್ತು ಒಡೆದ್ರಿ ಸರ್," ಎಂದಳು ವಿಜೇತಾ. ಅವಳು ಪರದೆಯಿಂದ ಕಣ್ಣು ತೆಗೆದಿರಲಿಲ್ಲ. ಕಲೆಯಾದ ಹೆಬ್ಬೆರಳನ್ನು ಇನ್ನೊಂದು ಕೈಯಲ್ಲಿ ಮುಚ್ಚಿ ಹಿಡಿದಿದ್ದಳು. "ಅದು ನನ್ನ ಜೀವಿದಾ?"

ಹೆಗಡೆಯವರು ಯಂತ್ರದ ಮುಂದೆ ಕೂತು ಕಾವನ್ನು ಕೊಳವೆ ತಾಳುವಷ್ಟರ ಮಟ್ಟಿಗೆ ಏರಿಸಿದರು, ಹೊತ್ತನ್ನು ಹೆಚ್ಚಿಸಿದರು. ಸವೆದರೆ ಸವೆಯಲಿ ಎಂದು ಮೊದಲ ಸಲ ಅನ್ನಿಸಿತು. ಉಳಿದಿದ್ದ ಮಣ್ಣಿನ ಕೊಬ್ಬನ್ನು ಮತ್ತೆ ಚುಚ್ಚಿದರು. ಗಿಡ್ಡ ಶಿಖರಗಳು ಬಂದುಹೋದವು. ಗೆರೆ ಮಲಗಿತು. ಹಿಂದೆಲ್ಲ ಯಂತ್ರ ನಿಲ್ಲುತ್ತಿದ್ದ ಹೊತ್ತು ದಾಟಿತು. ಆಮೇಲೆ, ಈ ಸಲ ಎಮ್ಮೆಯ ಬೆನ್ನಿನಂತಲ್ಲ, ನೆಟ್ಟ ಗೂಟದಂತೆ ಒಂದು ಶಿಖರ ಎದ್ದು ನಿಂತಿತು. ಅದರ ಪಕ್ಕ ಇನ್ನೊಂದು ಸಣ್ಣದು. ಬಾಲ ಇತ್ತು. ಎಲ್ಲ ಸಂಬಂಧಿಕರಿಗಿದ್ದಂತೆ, ಪುಸ್ತಕದಲ್ಲಿ ಬರೆದಿಟ್ಟಂತೆ.

"ಹಂಗಾರೆ ನಿಮ್ಮ ಮಣ್ಣಿನ ಹುಳದ ಬಾಲ ಇಷ್ಟು ದಿವ್ಸ ನನ್ನ ಎಣ್ಣೇಲಿ ಇತ್ತು," ಎಂದ ತುಳಸಿದಾಸ. ಕೊಬ್ಬಿನ ಕಥೆ ಅವನಿಗೆ ಬೇಕಿರಲಿಲ್ಲ. ಯಾರದು ಯಾರಲ್ಲಿತ್ತು ಎಂಬುದು ಸಾಕಾಗಿತ್ತು. "ನನ್ನ ಸರಕು ಬಿಡಿಸಿ ಕೊಡಿ. ಎಣ್ಣೆ ಶುದ್ಧ, ಗುಡ್ಡ ಇಂಥ ಕಡೆಯಿಂದ ಬಂದದ್ದು ಅಂತ ಕಾರಣ ಸಮೇತ ಬರ್ದು ಕೊಡಿ. ಕಾರಣ ಇಲ್ದೆ ಆ ಪಾರ್ಟಿ ಒಪ್ಪೂದಿಲ್ಲ."

ಉಗುಳುವಂತಿಲ್ಲ, ನುಂಗುವಂತಿಲ್ಲ ಅನ್ನುತ್ತಾರಲ್ಲ, ಅದು ಈಗ ಹೆಗಡೆಯವರ ಗಂಟಲಲ್ಲಿತ್ತು. ಗುಡ್ಡ ಮಣ್ಣಿನ ಜೀವಿಯದೆಂದು ಬರೆದುಕೊಟ್ಟರೆ ಜೀವಿಗೆ ಬಾಲವಿದೆಯೆಂದು ಬರೆದುಕೊಟ್ಟಂತೆ. ಹೊಸ ಪ್ರಭೇದ ಅಲ್ಲಿಗೆ ಸತ್ತಿತು. ಬಾಲವಿಲ್ಲವೆಂದು ಸಂಕಿರಣದಲ್ಲಿ ನಿಂತರೆ ತುಳಸಿದಾಸ ಮೇಣದ ಕಳ್ಳನಾಗಿಯೇ ಉಳಿಯುತ್ತಾನೆ. ಒಬ್ಬರಿಗೆ ಮಾತ್ರ ಜಾಗವಿರುವ ದೋಣಿ. ತುಳಸಿದಾಸನಂಥವನನ್ನು ನೀರಿಗೆ ತಳ್ಳಿದರೆ ಜಗತ್ತಿಗೇನು ನಷ್ಟ ಎಂದು ಒಂದು ಗಳಿಗೆ ಯೋಚಿಸಿದರು. ನಿಜವಾಗಿಯೂ ಯೋಚಿಸಿದರು. ಈ ಮನುಷ್ಯ ಬೇರೆ ಯಾವತ್ತೋ ಏನೋ ಬೆರಸಿಯೇ ಇರುತ್ತಾನೆ.

"ನಾಲ್ಕು ದಿನ ಬಿಟ್ಟು ಬರೆದುಕೊಡ್ತೇನೆ," ಎಂದರು. ಸಂಕಿರಣ ಮುಗಿಯಲು ಅಷ್ಟು ಸಾಕಿತ್ತು.

ತುಳಸಿದಾಸನಿಗೆ ಅದು ಅರ್ಥವಾಗಲಿಲ್ಲ. ವಿಜೇತಾಳಿಗೆ ಆಯಿತು.

ಅವನು ಗೊಣಗುತ್ತ ಮೆಟ್ಟಿಲಿಳಿದ ಮೇಲೆ ಅವಳು ಬ್ಯಾಗು ಹೆಗಲಿಗೆ ಹಾಕಿದಳು. "ನನ್ನ ಹೆಸ್ರು ಆ ಪ್ರಬಂಧದಿಂದ ತೆಗೀರಿ ಸರ್."

"ನಿನಗೇನು ಅವಸರ? ಇನ್ನೊಂದೆರಡು ಸಲ ನೋಡ್ವ. ಯಂತ್ರ ಹಳತು. ಇದೂ ತಪ್ಪಿರಬಹುದು."

"ಬಾಲ ಬರ್ಲಿಲ್ಲ ಅಂದಾಗ ಯಂತ್ರ ಹಳತಾಗಿರ್ಲಿಲ್ಲ."

ಹೆಗಡೆಯವರು ಮಡಿ ಸಿರಿಂಜನ್ನು ಬಟ್ಟೆಯಲ್ಲಿ ಸುತ್ತತೊಡಗಿದರು. ಕೈ ಸುಮ್ಮನೆ ತನ್ನ ಕೆಲಸ ಮಾಡುತ್ತಿತ್ತು. "ಹಾಗಾದ್ರೆ ನೀನೇ ಹೇಳು ಅಲ್ಲಿ. ಕಾಲೇಜು ನಿನ್ನದು, ಹುಳ ನಿನ್ನದು. ಪರೀಕ್ಷೆಯಲ್ಲಿ ಸಣ್ಣ ತಪ್ಪಾಗಿತ್ತು ಅಂತ ಹೇಳಿ ಮುಗಿಸು. ನಾನು ಜ್ವರ ಅಂತ ಮಲಗ್ತೇನೆ."

ವಿಜೇತಾ ಅವರನ್ನು ನೋಡಿದ ನೋಟ ಹೆಗಡೆಯವರಿಗೆ ಚೆನ್ನಾಗಿ ಪರಿಚಯವಿದ್ದದ್ದು. ಎರಡು ಬೆರಳಲ್ಲಿ ಬಾಟಲಿ ಎತ್ತುವಾಗ ತಾವು ನೋಡುತ್ತಿದ್ದ ನೋಟ ಅದು. ತಮ್ಮ ಮೇಲೆ ಬಿದ್ದದ್ದು ಮಾತ್ರ ಇದೇ ಮೊದಲು.

"ಬಾಲ ಕತ್ತರಿಸಿದವ್ರು ನೀವು," ಎಂದಳು. "ನಾನೂ ಚಪ್ಪಾಳೆ ತಟ್ಟಿದೆ, ಅದಕ್ಕೆ ನಂಗೆ ನಾಚ್ಕೆ ಆಗ್ತದೆ. ಅಪ್ಪ ಬೊಬ್ರುವಾಡದ ತನಕ ಹೋಗಿ, ನಮ್ಮ ಗದ್ದೆ ಹುಳಕ್ಕೆ ಬಾಲ ಇಲ್ಲ ಅಂತ ಡಂಗುರ ಹೊಡ್ದು ಬಂದಿದಾರೆ. ಅವ್ರಿಗೆ ನಾ ಹೇಳ್ತೆ. ಪ್ರೊಫೆಸರ್ರಿಗೆ ನೀವೇ ಹೇಳ್ಬೇಕು. ನೀವು ಹೇಳ್ದೇ ಹೋದ್ರೆ ನಾ ಎದ್ದು ನಿಲ್ತೆ ಅಂತ ಹೆದ್ರಿಸೂದಿಲ್ಲ. ಹಂಗೆ ಎದ್ದು ನಿಲ್ಲೂಕೂ ನಂಗೆ ಮನಸಿಲ್ಲ. ನೀವು ಎಂಥವ್ರು ಅಂತ ನೋಡ್ತಾ ಕುಂತಿರ್ತೆ."

ಅವಳು ಹೋದಳು. ಕಾಶಿ ಮೂಲೆಯಲ್ಲಿ ಬಾಟಲಿ ತೊಳೆಯುತ್ತಿದ್ದಳು. ಕೇಳಿಸಿತೋ ಇಲ್ಲವೋ, ನಲ್ಲಿಯನ್ನು ಮಾತ್ರ ಜೋರಾಗಿ ಬಿಟ್ಟಳು.

ಸಂಕಿರಣದ ದಿನ ಹೆಗಡೆಯವರಿಗೆ ಜ್ವರ ಬರಲಿಲ್ಲ. ಬರಲೆಂದು ಬೆಳಿಗ್ಗೆ ಎರಡು ಸಲ ಹಣೆ ಮುಟ್ಟಿ ನೋಡಿಕೊಂಡರು. ದೇವಕಿ, "ಮೈ ತಣ್ಣಗಿದ್ದು, ಹೊರಡಿ," ಎಂದಳು.

ಅಂಕೋಲೆಯ ಸಭಾಂಗಣದಲ್ಲಿ ಆ ಬ್ಯಾನರು ವೇದಿಕೆಯ ಅಗಲಕ್ಕೂ ತೂಗಿತ್ತು. ಬಾಲವಿಲ್ಲದ ಬೇರುಜೀವಿ. ಅಕ್ಷರಗಳು ಬೇಕಾದ್ದಕ್ಕಿಂತ ದೊಡ್ಡವಿದ್ದವು. ಮುಂದಿನ ಸಾಲಿನಲ್ಲಿ ಹೊರಗಿನ ಪ್ರೊಫೆಸರರು, ಬಡಕಲು ಮನುಷ್ಯ, ಬ್ಯಾನರನ್ನು ಓದಿ ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು. ಅವರ ಬಗಲಲ್ಲೇ, ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ತುಳಸಿದಾಸ. ಮಧ್ಯಾಹ್ನದ ಊಟದ ಖರ್ಚು ಅವನದೆಂದು ಹೆಗಡೆಯವರಿಗೆ ಅಲ್ಲಿಯೇ ಗೊತ್ತಾದದ್ದು. ಮೂರನೆಯ ಸಾಲಿನಲ್ಲಿ ಮಧುಕರ ನಾಯಕರು, ಅವರ ಆಚೆ ವಿಜೇತಾ. ಅವಳ ಎರಡೂ ಕೈ ತೊಡೆಯ ಮೇಲಿದ್ದವು.

ಹೆಗಡೆಯವರು ಮೈಕಿನ ಮುಂದೆ ನಿಂತು ಸಭೆಯನ್ನು ನೋಡಿದರು. ಟಿಪ್ಪಣಿಯ ಮೇಲೆ ಬದುಕುವ ಮೇಷ್ಟ್ರುಗಳು, ಹಾಜರಿಗೆಂದು ತಂದು ಕೂರಿಸಿದ ವಿದ್ಯಾರ್ಥಿಗಳು, ಶೇಂಗಾ ಬೆಳೆಯುವವರು, ಎಣ್ಣೆ ಹಿಂಡುವವರು. ಇವರಲ್ಲಿ ಯಾರಿಗೆ ಏನು ಹೇಳಿದರೂ ನಡೆಯುತ್ತದೆ, ಆ ಬಡಕಲು ಪ್ರೊಫೆಸರರನ್ನು ಬಿಟ್ಟು. ಅವರೂ ಯಂತ್ರ ನೋಡಲು ಬೈತಖೋಲದ ಮೆಟ್ಟಿಲು ಹತ್ತುವವರಲ್ಲ. ವರ್ಷಗಟ್ಟಲೆ ತಾವು ಕಾದದ್ದು ಈ ಮೈಕಿಗೆ. ಬಾಯಿ ತೆರೆದರೆ ಸಾಕಿತ್ತು. ತೆರೆಯುವ ಮೊದಲು ಕಣ್ಣು ಮೂರನೆಯ ಸಾಲಿಗೆ ಹೋಯಿತು. ಅವಳು ಹೇಳಿದಂತೆಯೇ ನೋಡುತ್ತ ಕೂತಿದ್ದಳು.

"ಹಿಂದೆ ತೂಗಿರುವ ಬ್ಯಾನರಿನಲ್ಲಿ ಬರೆದದ್ದು ಸುಳ್ಳು," ಎಂದರು ಹೆಗಡೆಯವರು.

ವಿದ್ಯಾರ್ಥಿಗಳು ಫೋನಿನಿಂದ ತಲೆ ಎತ್ತಿದರು. ಸಂಘಟಕರೊಬ್ಬರು ಏನೋ ತಮಾಷೆಯಿರಬೇಕೆಂದು ನಕ್ಕು, ಯಾರೂ ನಗದ್ದನ್ನು ನೋಡಿ ನಿಲ್ಲಿಸಿದರು. ಹೆಗಡೆಯವರು ಉಳಿದದ್ದನ್ನು ಒಣಗಿದ ಧ್ವನಿಯಲ್ಲಿ, ಬೇರೆ ಯಾರದೋ ದಡ್ಡತನವನ್ನು ವಿವರಿಸುವಂತೆ ಹೇಳಿದರು. ಬೆಳಂಬಾರದ ಜೀವಿಗೆ ಬಾಲವಿದೆ, ಉದ್ದನೆಯ ಬಾಲ, ಅದರ ಬಳಗದವರೆಲ್ಲರಿಗೂ ಇರುವಂಥದೇ. ತಾರ್ಲೆ ಎಣ್ಣೆಗೆ ಇಟ್ಟ ಕಾವಿನ ಆಚೆ ಯಂತ್ರವನ್ನು ಓಡಿಸುವ ಬುದ್ಧಿ ಪರೀಕ್ಷಿಸಿದವನಿಗೆ ಬರಲಿಲ್ಲ. ಆತ ಎರಡು ಸಿರಿಂಜು ಇಟ್ಟುಕೊಂಡಿದ್ದ. ಒಂದೇ ಕೊಳವೆಯಿದೆ ಎಂಬುದು ಆತನಿಗೆ ಮರೆತುಹೋಗಿತ್ತು. ಜೀವಿಯನ್ನು ಬೆಳೆಸಿ ಕೊಬ್ಬು ಬಿಡಿಸಿದ ವಿಜೇತಾ ನಾಯಕರ ಕೆಲಸದಲ್ಲಿ ದೋಷವಿರಲಿಲ್ಲ. ಪ್ರೊಫೆಸರರು ಈ ಮಾತಿಗೆ ತಲೆಯಾಡಿಸಿ, ಹಿಂತಿರುಗಿ ಮೂರನೆಯ ಸಾಲಿನ ಕಡೆ ಒಮ್ಮೆ ನೋಡಿ, ಪುಸ್ತಕದಲ್ಲಿ ಏನೋ ಬರೆದುಕೊಂಡರು. ಹೆಗಡೆಯವರ ಕಡೆ ಮತ್ತೆ ನೋಡಲಿಲ್ಲ.

"ಇಷ್ಟೇ," ಎಂದು ಹೆಗಡೆಯವರು ಮೈಕಿನಿಂದ ಹಿಂದೆ ಸರಿದರು.

ಚಪ್ಪಾಳೆ ತಟ್ಟಬೇಕೋ ಬೇಡವೋ ಎಂದು ಸಭೆ ಒಬ್ಬರ ಮುಖ ಒಬ್ಬರು ನೋಡುತ್ತಿರುವಾಗ ಮುಂದಿನ ಸಾಲಿನಲ್ಲಿ ಕುರ್ಚಿ ಕಿರುಗುಟ್ಟಿತು. ತುಳಸಿದಾಸ ಎದ್ದು ನಿಂತಿದ್ದ.

"ಡಾಕ್ಟರ್ರೇ, ಒಂದು ಪ್ರಶ್ನೆ. ನನ್ನ ಎಣ್ಣೆ?"

"ಅದು ಶುದ್ಧ. ಸಂಜೆಯೊಳಗೆ ಬರೆದುಕೊಡ್ತೇನೆ."

"ಬರೀರಿ. ಅದಕ್ಕಿಂತ ಮುಂಚೆ ಹೇಳಿ."

"ಹೇಳಿದೆನಲ್ಲ."

"ನಂಗೆ ಹೇಳಿದ್ರಿ. ಗುಡ್ಡ ಬಂತು ಅಂತ ಬಂದರದಲ್ಲಿ ಎಲ್ರಿಗೂ ಗೊತ್ತದೆ." ಅವನು ಮೈಕಿನ ಕಡೆ ಗಲ್ಲ ಎತ್ತಿ ತೋರಿಸಿದ. "ಅದ್ರಲ್ಲಿ ಹೇಳಿ."

ಸಭಾಂಗಣದ ಹಿಂದಿನ ಅಡುಗೆಯ ಕಡೆಯಿಂದ ಕಾದ ಎಣ್ಣೆಗೆ ಮೀನು ಬಿಟ್ಟ ವಾಸನೆ ಬರುತ್ತಿತ್ತು. ಹೆಗಡೆಯವರು ಮತ್ತೆ ಮೈಕಿನ ಬಳಿ ಬಂದರು. ಮೈಕು ಒಮ್ಮೆ ಕುಂಯ್ ಎಂದಿತು. ಅದು ಸುಮ್ಮನಾಗುವವರೆಗೆ ಕಾದರು.

"ತುಳಸಿದಾಸರ ಮೀನೆಣ್ಣೆ ಶುದ್ಧವಾಗಿತ್ತು," ಎಂದರು. "ಕೊಳಕು ನನ್ನ ಕಡೆಯದು."

ತುಳಸಿದಾಸ ತೃಪ್ತಿಯಿಂದ ಕೂತ. ಬಗಲಲ್ಲಿದ್ದ ಪ್ರೊಫೆಸರರ ಕಡೆ ಬಾಗಿ, ಊಟಕ್ಕೆ ಇರಬೇಕೆಂದೂ, ಡಾಕ್ಟರರಿಗೆ ಬೇರೆ ಪಾತ್ರೆಯಲ್ಲಿ ಬೇರೆ ಅಡುಗೆ ಮಾಡಿಸಿದೆಯೆಂದೂ ಹೇಳಿದ.